ಸೂರು ನೋಡುವವರ ಮಗಳು

ಮೊಂಡಿಗೆ ಆ ಹೆಸರು ಬಿದ್ದದ್ದು ಅವಳು ನೆಟ್ಟಗೆ ಓಡಾಡಲು ಕಲಿಯುತ್ತಿದ್ದ ವಯಸ್ಸಿನಲ್ಲೇ. ಅಂಗಳದಲ್ಲಿ ಪೇರಿಸಿಟ್ಟ ಹಲಗೆಗಳ ಮೇಲೆ ಹತ್ತಿ ಕೂತು, ಅದರಲ್ಲೊಂದು ಹಲಗೆ ಸೊಟ್ಟಗಿದೆ, ಅಪ್ಪ ಒಪ್ಪಿಕೊಳ್ಳುವವರೆಗೆ ಇಳಿಯುವುದಿಲ್ಲ ಎಂದು ಹಟ ಹಿಡಿದಿದ್ದಳಂತೆ. ಅಮ್ಮ ಸಿಹಿ ತೋರಿಸಿದಳು, ಬಗ್ಗಲಿಲ್ಲ. ಕೋಲು ತೋರಿಸಿದಳು, ಜಗ್ಗಲಿಲ್ಲ. ಕೊನೆಗೆ ಅಪ್ಪನೇ ಸೋತು, ಆಯ್ತು ತಾಯಿ, ಸೊಟ್ಟಗಿದೆ, ಇಳಿ ಎಂದ ಮೇಲೆ ಇಳಿದಳು. ಹಲಗೆ ನೆಟ್ಟಗೇ ಇತ್ತು ಎಂದು ಅಪ್ಪ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ. ಇರಬಹುದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಪೈಕಿ ಅವಳು; ಯಾರಾದರೂ ನಾಲ್ಕನೆಯದನ್ನು ಹಿಡಿದು ತೋರಿಸಿದರೆ ಅದು ಬಾಲ ಇರಬೇಕು ಎಂದು ವಾದಿಸುವವಳು. ಇಂಥವಳು ಹನ್ನೆರಡನೇ ತರಗತಿ ಮುಗಿಸಿ ಸಿವಿಲ್ ಇಂಜಿನಿಯರಿಂಗ್ ಓದುತ್ತೇನೆಂದು ಕೂತರೆ ಮನೆಯವರ ಗತಿ ಏನಾಗಬೇಡ.

ಅಪ್ಪ ಸೆಂಟ್ರಿಂಗ್ ಮೇಸ್ತ್ರಿ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಹಸಿ ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಕೆಳಗಿನಿಂದ ಹೊತ್ತು ನಿಲ್ಲಲು ಹಲಗೆ, ಕಂಬ, ಬೆಣೆಗಳನ್ನು ಜೋಡಿಸುವ ಕೆಲಸ. ಕಾಂಕ್ರೀಟು ಗಟ್ಟಿಯಾಯಿತೋ, ಹಲಗೆ ಬಿಚ್ಚು, ಕಂಬ ತೆಗೆ, ಲಾರಿಗೆ ತುಂಬು, ಮುಂದಿನ ಕಟ್ಟಡಕ್ಕೆ ನಡೆ. ಗಾರೆಯವನಿಗೆ ಗೋಡೆ ಉಳಿಯುತ್ತದೆ, ಬಣ್ಣದವನಿಗೆ ಬಣ್ಣ ಉಳಿಯುತ್ತದೆ. ಸೆಂಟ್ರಿಂಗಿನವನಿಗೆ ಉಳಿಯುವುದು ಸೂರಿನ ಕೆಳಮೈಯಲ್ಲಿ ಮೂಡಿದ ಹಲಗೆಯ ಗೆರೆಗಳು ಮಾತ್ರ. ಅದರ ಮೇಲೂ ಗಾರೆ ಮೆತ್ತಿ ಮುಚ್ಚಿಬಿಡುತ್ತಾರೆ.

ಅದಕ್ಕೇ ಇರಬೇಕು, ಆ ಮನೆಯವರಿಗೆಲ್ಲ ಒಂದು ಚಾಳಿ. ಎಲ್ಲಿಗೆ ಹೋದರೂ ಮೊದಲು ತಲೆ ಎತ್ತಿ ಸೂರು ನೋಡುವುದು. ಮದುವೆಗೆ ಹೋದರೆ ಹೆಣ್ಣು ಗಂಡು ಹೇಗಿದ್ದಾರೆಂದು ಕೇಳಬೇಡಿ, ಛತ್ರದ ತೊಲೆ ಎಲ್ಲಿ ತಗ್ಗಿದೆ ಕೇಳಿ, ಮೂವರೂ ಹೇಳುತ್ತಾರೆ. ಮೊಂಡಿ ಹುಟ್ಟಿದ ದಿನ ಅಪ್ಪ ಆಸ್ಪತ್ರೆಗೆ ಓಡಿ ಬಂದು, ವಾರ್ಡಿನ ಬಾಗಿಲಲ್ಲಿ ನಿಂತು, ಮಗುವನ್ನು ನೋಡುವ ಮುಂಚೆ ಸೂರು ನೋಡಿದ ಎಂದು ಅಮ್ಮ ಈಗಲೂ ಹಂಗಿಸುತ್ತಾಳೆ. ಅಪ್ಪನ ಉತ್ತರವೂ ಸಿದ್ಧವಾಗಿದೆ: ಮಗು ಎಲ್ಲಿ ಓಡಿ ಹೋಗುತ್ತಿತ್ತು, ಸೂರು ಬೀಳುವ ಹಾಗಿದ್ದರೆ ಏನು ಮಾಡುತ್ತಿದ್ದೆ?

ಅಮ್ಮ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಅಪ್ಪನ ಎಣ್ಣೆ ಡಬ್ಬಗಳು, ಸರಿಗೆಯ ಸುರುಳಿ, ಮೊಳೆಯ ಬುಟ್ಟಿ. ಮೊಂಡಿ ಬೆಳೆದದ್ದು ಎರಡರ ನಡುವಿನ ಹೊಸ್ತಿಲಲ್ಲಿ. ರಜೆ ಬಂತೆಂದರೆ ಹಲಗೆಯಿಂದ ಕಿತ್ತ ಸೊಟ್ಟ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡುವ ಕೆಲಸ ಅವಳದು. ಹೆಬ್ಬೆರಳು ಜಜ್ಜಿಕೊಂಡಾಗ ಅಳುತ್ತಿರಲಿಲ್ಲ, ಮೊಳೆಗೆ ಬೈಯುತ್ತಿದ್ದಳು.

ಸಿವಿಲ್ ಎಂದಾಗ ಮೊದಲು ಅಡ್ಡ ಬಂದವನು ಸೋದರಮಾವ. ಅಮ್ಮನ ತಮ್ಮ, ಒಬ್ಬ ಬಿಲ್ಡರನ ಆಫೀಸಿನಲ್ಲಿ ಮೇಲ್ವಿಚಾರಕ. ಇಸ್ತ್ರಿ ಮಾಡಿದ ಅಂಗಿ, ಜೇಬಿಗೆರಡು ಪೆನ್ನು, ಊರಿನ ಯಾವ ಕಚೇರಿಯ ಹೆಸರೆತ್ತಿದರೂ ನನಗೆ ಅಲ್ಲಿ ಗೊತ್ತಿರೋರು ಇದಾರೆ ಎನ್ನುವ ಮಾತು. ಮೊಂಡಿ ಅವನಿಗೆ ಬೆನ್ನ ಹಿಂದೆ ಇಟ್ಟ ಹೆಸರೇ ಗೊತ್ತಿರೋರ ಮಾವ. ಕೆಟ್ಟವನೇನಲ್ಲ, ಅಕ್ಕನ ಮನೆಗೆ ಬರಿಗೈಯಲ್ಲಿ ಬಂದವನಲ್ಲ. ಆದರೆ ಪ್ರಪಂಚವನ್ನು ತಾನೇ ಹೊತ್ತಿದ್ದೇನೆ ಎಂದುಕೊಂಡವನು. ಹೆಣ್ಣುಮಗಳು ಬಿಸಿಲಲ್ಲಿ ಇಟ್ಟಿಗೆ ಎಣಿಸುತ್ತ ನಿಲ್ಲುವುದೇ, ಫ್ಯಾನಿನ ಕೆಳಗೆ ಕೂತು ಮಾಡುವ ಓದು ಓದಲಿ ಎಂದು ಅವನ ವಾದ. ಮೊಂಡಿ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲೇ ಇಲ್ಲ. ಪರೀಕ್ಷೆ ಬರೆದಳು, ಒಳ್ಳೆಯ ರ್‍ಯಾಂಕು ತಂದಳು, ಸಿವಿಲ್ ಬಿಟ್ಟು ಬೇರೆ ಕಾಲಂ ತುಂಬುವುದಿಲ್ಲ ಎಂದು ಹೇಳಿ ಮೊಳೆ ಬಡಿಯಲು ಕೂತಳು. ಮಾವ ಎರಡು ವಾರ ಬಂದು ಬಂದು ಸೋತು, ಆಯಿತು, ಸಿವಿಲ್ಲೇ ಆಗಲಿ, ಆದರೆ ಎಲ್ಲಿ ಓದಬೇಕು ಅನ್ನೋದು ನಾವು ದೊಡ್ಡವರು ಹೇಳ್ತೀವಿ ಎಂದ.

ಅಸಲಿ ಜಗಳ ಶುರುವಾದದ್ದು ಆಗ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಮಗಳಿಗೆ ಸೀಟು ಹಿಡಿದು ನೋಡು ಎನ್ನುವುದನ್ನು ಮರೆತರು. ಅವಳ ರ್‍ಯಾಂಕಿಗೆ ಖಂಡಿತ ಸಿಗುವಂಥವು ಎರಡು ಯೂನಿವರ್ಸಿಟಿ. ಎರಡರಲ್ಲೂ ರ್‍ಯಾಂಕಿನ ಸೀಟೇ ಆದ್ದರಿಂದ ಹಣದ ತಕರಾರು ಇರಲಿಲ್ಲ. ಕಂಪ್ಯೂಟರಿನಲ್ಲಿ ಯಾವುದನ್ನು ಮೊದಲನೆಯದಾಗಿ ಹಾಕಿ ಲಾಕ್ ಮಾಡುತ್ತಾಳೋ ಅದೇ ಅವಳ ಮುಂದಿನ ನಾಲ್ಕು ವರ್ಷ. ಒಮ್ಮೆ ಲಾಕ್ ಆದರೆ ದೇವರೇ ಬಂದರೂ ತೆಗೆಯಲಾಗದು.

ಒಂದು, ಊರಂಚಿನ ಹೊಸ ಯೂನಿವರ್ಸಿಟಿ. ಮುಂದೆಲ್ಲ ಗಾಜು, ಬೆಳಿಗ್ಗೆ ಹೊತ್ತು ಆ ಕಡೆ ಬಸ್ಸಿನಲ್ಲಿ ಹೋಗುವವರು ಕಣ್ಣಿಗೆ ಕೈ ಅಡ್ಡ ಹಿಡಿಯಬೇಕು. ಎಲ್ಲರ ಬಾಯಲ್ಲೂ ಅದು ಗಾಜಿನ ಕಾಲೇಜು. ಅಪ್ಪನಿಗೆ ಮಾತ್ರ ಅದು ಕಾಲೇಜಲ್ಲ, ಅವನ ಸೂರು. ಅದರ ಮುಂಬಾಗಿಲ ದೊಡ್ಡ ಹಾಲಿಗೆ ಸೆಂಟ್ರಿಂಗ್ ಮಾಡಿದ್ದು ಅವನೇ. ನಕ್ಷೆ ಬರೆದ ಆರ್ಕಿಟೆಕ್ಟು ಅದೆಂಥ ತಲೆಯವನೋ, ಆ ಸೂರಿಗೆ ಗಾರೆಯೂ ಬೇಡ ಬಣ್ಣವೂ ಬೇಡ, ಹಲಗೆಯ ಗೆರೆ ಕಾಣುವ ಹಾಗೆ ಬಿಡಿ ಎಂದುಬಿಟ್ಟ. ಅಪ್ಪನ ಇಡೀ ಜೀವಮಾನದಲ್ಲಿ ಮುಚ್ಚದೆ ಉಳಿದ ಸೂರು ಅದೊಂದೇ. ಒಂದೊಂದು ಹಲಗೆಯನ್ನೂ ಕೈಯಿಂದ ಸವರಿ, ಗಂಟಿದ್ದದ್ದನ್ನು ಆಚೆ ಎಸೆದು, ಮದುವೆ ಮನೆಗೆ ಹೂವು ಆರಿಸುವವರ ಹಾಗೆ ಆರಿಸಿ ಜೋಡಿಸಿದ್ದ. ಉದ್ಘಾಟನೆಯ ಹಿಂದಿನ ದಿನ ಕೆಲಸದವರನ್ನೆಲ್ಲ ಹಿಂದಿನ ಗೇಟಿನಿಂದ ಸಾಗಹಾಕಿದರು. ಆಮೇಲೆ ಅಪ್ಪ ಒಂದು ಸಲ ಅದನ್ನು ನೋಡಿಬರೋಣವೆಂದು ಹೋದರೆ ಕಾವಲಿನವನು ಏನು ಕೆಲಸ ಎಂದು ಕೇಳಿದನಂತೆ. ಸೂರು ನೋಡುವ ಕೆಲಸ ಎಂದರೆ ಯಾರು ನಂಬುತ್ತಾರೆ? ತಿರುಗಿ ಬಂದ.

ಇನ್ನೊಂದು, ಬೇರೆ ಊರಿನ ಹಳೆಯ ಯೂನಿವರ್ಸಿಟಿ. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಮೊಂಡಿಗೂ ಅದರ ಮೇಲೆ ಅಂಥ ಆಸೆಯೇನಿರಲಿಲ್ಲ, ನಿಜ ಹೇಳಬೇಕಲ್ಲ. ಅಪ್ಪನ ಸೂರಿನ ಕೆಳಗೆ ಕೂತು ಓದುವುದು ಅವಳಿಗೂ ಹೆಮ್ಮೆಯ ಮಾತೇ ಆಗಿತ್ತು. ಎರಡನ್ನೂ ಒಮ್ಮೆ ಕಣ್ಣಾರೆ ನೋಡಿ ಬರುತ್ತೇನೆ ಎಂದದ್ದು ಹಟಕ್ಕೆ. ಅಪ್ಪ ಜೊತೆಗೆ ಹೊರಟ.

ಗಾಜಿನ ಕಾಲೇಜಿನ ಮುಂದಿನ ಗೇಟಿನಲ್ಲಿ ಈ ಸಲ ಕಾವಲಿನವನು ಸಲಾಮು ಹೊಡೆದ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿಯೊಬ್ಬಳು ಬನ್ನಿ ಸರ್, ಕೂತ್ಕೊಳಿ ಸರ್, ನೀರು ತಗೊಳಿ ಸರ್ ಎಂದು ಸುತ್ತ ಸುಳಿದಳು. ಅಪ್ಪ ಒಗೆದ ಅಂಗಿಯ ತುದಿ ಎಳೆದುಕೊಂಡು, ನೀರಿನ ಲೋಟ ಹಿಡಿದು, ತಲೆ ಎತ್ತಿ ನಿಂತುಬಿಟ್ಟ. ಗೆರೆಗಳೆಲ್ಲ ಹಾಗೇ ಇದ್ದವು. ಒಂದು ಕಡೆಯಿಂದ ಇನ್ನೊಂದು ಕಡೆಗೆ, ಎಲ್ಲೂ ಅಲುಗದೆ, ಹೊಸದಾಗಿ ಬಾಚಿದ ತಲೆಯ ಹಾಗೆ. ಈ ಸೂರು ನಾನು ಕಟ್ಟಿದ್ದು ಎಂದು ಆ ಹುಡುಗಿಗೆ ಹೇಳಿದ. ಓ ಹೌದಾ ಸರ್, ಸೂಪರ್ ಸರ್ ಎಂದು ಅವಳು ಕೈಯಲ್ಲಿದ್ದ ಫೋನು ನೋಡುತ್ತ ಊಟದ ಹಾಲಿನ ಕಡೆಗೆ ನಡೆದಳು. ಅಪ್ಪನ ಮುಖ ಅರಳಿತ್ತು. ಮೊಂಡಿ ಅಪ್ಪನ ಮುಖವನ್ನೂ ಆ ಹುಡುಗಿಯ ಬೆನ್ನನ್ನೂ ನೋಡಿದಳು.

ಊಟದ ಹಾಲು, ಆಟದ ಹಾಲು, ಈಜುಕೊಳ, ವ್ಯಾಯಾಮದ ಕೋಣೆ ಎಲ್ಲ ತೋರಿಸಿದರು. ಕಾಂಕ್ರೀಟು ಪರೀಕ್ಷೆ ಮಾಡುವ ಲ್ಯಾಬು ಎಲ್ಲಿ ಎಂದು ಮೊಂಡಿ ಕೇಳಿದಳು. ಹುಡುಗಿ ಒಬ್ಬರಿಗೆ ಫೋನು ಮಾಡಿದಳು, ಇನ್ನೊಬ್ಬರಿಗೆ ಮಾಡಿದಳು. ಬೀಗದ ಕೈ ಇರುವವರು ರಜೆಯಲ್ಲಿದ್ದರು. ಕಿಟಕಿಯಿಂದ ನೋಡಬಹುದು ಎಂದಳು. ಮೊಂಡಿ ಗಾಜಿಗೆ ಮೂಗು ಒತ್ತಿ ನೋಡಿದಳು. ಒಳಗೆ ನೆಲ ಕನ್ನಡಿಯ ಹಾಗಿತ್ತು. ಕಾಂಕ್ರೀಟನ್ನು ಒತ್ತಿ ಒಡೆಯುವ ಯಂತ್ರ ಗೋಡೆಗೆ ಒರಗಿ ನಿಂತಿತ್ತು, ಕಂಪನಿಯವರು ಸುತ್ತಿ ಕಳಿಸಿದ ಪ್ಲಾಸ್ಟಿಕ್ಕು ಇನ್ನೂ ಅದರ ಮೈಮೇಲಿತ್ತು. ಕಟ್ಟಡ ಉದ್ಘಾಟನೆಯಾಗಿ ಎಷ್ಟು ವರ್ಷವಾಯಿತು ಎಂದು ಅವಳಿಗೆ ಗೊತ್ತಿತ್ತು. ಒಡೆದ ಕಾಂಕ್ರೀಟು ತುಂಡುಗಳನ್ನು ಎಲ್ಲಿ ಹಾಕುತ್ತೀರಿ ಎಂದು ಕೇಳಿದಳು. ನಮ್ಮಲ್ಲಿ ಅಂಥ ಕಸ ಎಲ್ಲೂ ಇರೋದಿಲ್ಲ ಮೇಡಂ, ಎಲ್ಲ ತುಂಬಾ ಕ್ಲೀನು ಎಂದಳು ಹುಡುಗಿ. ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೆ ಎಂದ ಅಪ್ಪ.

ಮಾರನೆಯ ವಾರ ಹಳೆಯ ಯೂನಿವರ್ಸಿಟಿ. ಗೇಟು ತುಕ್ಕು ಹಿಡಿದು ಅರ್ಧಕ್ಕೆ ನಿಂತಿತ್ತು, ಅದರ ಸಂದಿಯಲ್ಲೇ ಎಲ್ಲರೂ ನುಸುಳುತ್ತಿದ್ದರು. ಬನ್ನಿ ಎನ್ನುವವರಿಲ್ಲ, ಹೋಗಿ ಎನ್ನುವವರೂ ಇಲ್ಲ. ಸಿವಿಲ್ ಎಲ್ಲಿ ಎಂದು ಕೇಳಿದರೆ ಗುಮಾಸ್ತನೊಬ್ಬ ಗಲ್ಲದಿಂದಲೇ ದಿಕ್ಕು ತೋರಿಸಿದ. ಮೊಗಸಾಲೆಯ ಸೂರಿನಲ್ಲಿ ಗಾರೆ ಉದುರಿ ಒಳಗಿನ ಕಂಬಿ ಹಲ್ಲು ಬಿಡುತ್ತಿತ್ತು. ಅಪ್ಪನಿಗೆ ಮೈ ಉರಿದುಹೋಯಿತು. ಇದಕ್ಕೆ ಹಲಗೆ ಹಾಕಿದವನು ಸಿಕ್ಕರೆ ಎರಡು ಬಿಡುತ್ತಿದ್ದೆ ಎಂದು ಹಲ್ಲು ಕಡಿದು, ನಾನು ಒಳಗೆ ಬರುವುದಿಲ್ಲ, ನೀನು ನೋಡಿ ಬಾ ಎಂದು ಅಲ್ಲೇ ಒಂದು ಬೆಂಚಿನ ಮೇಲೆ ಕೂತುಬಿಟ್ಟ. ಮೊಂಡಿಗೂ ಹಾಗೇ ಅನ್ನಿಸಿತ್ತು. ಸೂರು ನೋಡಿದಳು, ಮನಸ್ಸಿನಲ್ಲೇ ಈ ಕಾಲೇಜಿಗೆ ಅಡ್ಡಗೆರೆ ಎಳೆದಳು. ನೋಡಿ, ಬೇರೆಯವರು ಕಾಲೇಜು ಆರಿಸುವಾಗ ಅಲ್ಲಿನ ಮೇಷ್ಟರನ್ನು ನೋಡುತ್ತಾರೆ, ಓದಿದವರಿಗೆ ಎಲ್ಲಿ ಕೆಲಸ ಸಿಕ್ಕಿತೆಂದು ವಿಚಾರಿಸುತ್ತಾರೆ. ಸೂರು ನೋಡಿ ಕಾಲೇಜು ಬೇಡವೆನ್ನುವ ತಪ್ಪು ಸೆಂಟ್ರಿಂಗಿನವರ ಮನೆಯಲ್ಲಿ ಮಾತ್ರ ನಡೆಯುತ್ತದೆ. ಬಂದ ದಾರಿಗೆ ಸುಂಕವಿಲ್ಲ ಎಂದು ಅವಳು ತಿರುಗುವುದರಲ್ಲಿದ್ದಳು, ಅಷ್ಟರಲ್ಲಿ ಒಳಗಿನಿಂದ ದೊಡ್ಡದೇನೋ ಬಿರಿದ ಸದ್ದಾಯಿತು. ಹಿಂದೆಯೇ ಹುಡುಗ ಹುಡುಗಿಯರ ಗಲಾಟೆ.

ಲ್ಯಾಬಿನ ಬಾಗಿಲು ತೆರೆದೇ ಇತ್ತು. ಮೊಣಕೈವರೆಗೆ ಸಿಮೆಂಟಿನ ಧೂಳು ಮೆತ್ತಿಕೊಂಡ ಮೇಡಂ ಒಬ್ಬರು, ಸುತ್ತ ಒಂದು ಗುಂಪು ವಿದ್ಯಾರ್ಥಿಗಳು, ನಡುವೆ ಗ್ರೀಸು ಸೋರುವ ಹಳೆಯ ಯಂತ್ರ. ಅದರ ಬಾಯಲ್ಲಿ, ಪರೀಕ್ಷೆಗೆಂದು ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟಿನ ಚೌಕ ಗಟ್ಟಿ, ಒಡೆದುಹೋಗಿತ್ತು. ತೆಗೆದುಕೊಳ್ಳಬೇಕಾದ ಭಾರ ತೆಗೆದುಕೊಳ್ಳದೆ ಬೇಗ ಒಡೆದುಬಿಟ್ಟಿತ್ತು. ಯಾಕೆ ಒಡೆಯಿತು ಹೇಳಿ ಎಂದು ಮೇಡಂ ಕೇಳುತ್ತಿದ್ದರು, ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಬಾಗಿಲಲ್ಲಿ ನಿಂತ ಮೊಂಡಿಗೆ ಬಾಯಿ ತಡೆಯಲಿಲ್ಲ. ನೀರು ಜಾಸ್ತಿ ಹಾಕಿದ್ದಾರೆ, ಅಷ್ಟೆ ಎಂದಳು. ಎಲ್ಲರೂ ತಿರುಗಿ ನೋಡಿದರು. ನೀನು ಯಾರು, ಯಾರನ್ನು ಕೇಳಿ ಒಳಗೆ ಬಂದೆ ಎಂದು ಯಾರೂ ಕೇಳಲಿಲ್ಲ.

"ಹೇಗೆ ಗೊತ್ತಾಯ್ತು?" ಎಂದರು ಮೇಡಂ.

"ನೋಡಿದ್ರೆ ಗೊತ್ತಾಗುತ್ತೆ."

"ನೋಡಿದ್ರೆ ಗೊತ್ತಾಗೋ ಹಾಗಿದ್ರೆ ಈ ಮಷಿನ್ ಯಾಕಮ್ಮ ಇಟ್ಕೊಂಡಿದ್ದೀವಿ? ಬಾ ಇಲ್ಲಿ."

ಅದೇ ದಿನ ಅದೇ ಬುಟ್ಟಿಯ ಕಾಂಕ್ರೀಟಿನಿಂದ ಎರಕ ಹೊಯ್ದ ಇನ್ನೊಂದು ಗಟ್ಟಿಯನ್ನು ಮೇಡಂ ಅವಳ ಕೈಗೇ ಕೊಟ್ಟರು. ಇದಕ್ಕೂ ಅಷ್ಟೇ ನೀರು, ಇದನ್ನು ನೀನೇ ಇಡು ಎಂದರು. ಮೊಂಡಿ ಇಡಹೋದಳು. ಮೇಡಂ ಅವಳ ಮಣಿಕಟ್ಟು ಹಿಡಿದು ಗಟ್ಟಿಯನ್ನು ಒಂದು ಮಗ್ಗುಲು ಹೊರಳಿಸಿದರು. ಅಚ್ಚಿನ ಮೇಲ್ಬಾಯಿಯಲ್ಲಿ ಕರಣೆಯಿಂದ ಸವರಿದ ಮುಖ ಒರಟು. ಅಚ್ಚಿಗೆ ಅಂಟಿಕೊಂಡಿದ್ದ ಮಗ್ಗುಲು ನಯ. ಒರಟು ಮುಖ ಮೇಲಾದರೆ ಯಂತ್ರದ ಭಾರ ಒಂದು ಮೂಲೆಗೆ ಮಾತ್ರ ಬೀಳುತ್ತದೆ, ಒಳ್ಳೆಯ ಕಾಂಕ್ರೀಟೂ ಒಡೆಯುತ್ತದೆ. ನಯವಾದ ಮಗ್ಗುಲ ಮೇಲೆ ಭಾರ ಏರಿತು. ಭಾರ ತೋರಿಸುವ ಮುಳ್ಳು ಏರಿತು, ಮೊದಲಿನದು ಒಡೆದ ಗುರುತನ್ನು ದಾಟಿತು, ಇನ್ನೂ ಏರಿತು. ಒಡೆದದ್ದು ಎಷ್ಟೋ ಹೊತ್ತಿನ ಮೇಲೆ. ಕಾಂಕ್ರೀಟಿನದು ಏನೂ ತಪ್ಪಿರಲಿಲ್ಲ. ಮೊದಲನೆಯದನ್ನು ಇಟ್ಟವರು ತಪ್ಪಾಗಿ ಇಟ್ಟಿದ್ದರು, ನೀರು ಜಾಸ್ತಿ ಎಂದ ಮೊಂಡಿ ತಪ್ಪು ಹೇಳಿದ್ದಳು.

ಅವಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹುಟ್ಟಿದಾರಭ್ಯ ಅವಳ ಮಾತಿಗೆ ಸಿಕ್ಕಿದ ಉತ್ತರ ಎರಡೇ: ಸುಮ್ನಿರೇ ಎನ್ನುವುದು ಒಂದು, ಆಯ್ತು ತಾಯಿ ನೀನು ಹೇಳಿದ್ದೇ ಸರಿ ಎನ್ನುವುದು ಇನ್ನೊಂದು. ನೀನು ಹೇಳಿದ್ದು ತಪ್ಪು, ಇಗೋ ನೋಡು ಎಂದು ಯಾರೂ ತೋರಿಸಿಕೊಟ್ಟಿರಲಿಲ್ಲ. ಕಿವಿ ಬಿಸಿಯಾಯಿತು, ಸಿಟ್ಟು ಬಂತು, ಆ ಸಿಟ್ಟಿನ ಅಡಿಯಲ್ಲಿ ಹೇಳಲಾರದಷ್ಟು ಖುಷಿಯಾಯಿತು. ತಪ್ಪಾಯ್ತು ಮೇಡಂ ಎಂದಳು. ತಪ್ಪಿಗೇನು ಬರ, ಹಿಂದೆ ಹೋಗಿ ನೋಡು ಎಂದರು ಮೇಡಂ. ಲ್ಯಾಬಿನ ಹಿಂಬಾಗಿಲ ಆಚೆ ಒಡೆದ ಗಟ್ಟಿಗಳ ಗುಡ್ಡೆಯೇ ಬಿದ್ದಿತ್ತು, ಆಳೆತ್ತರಕ್ಕೆ. ಒಂದೊಂದರ ಮೇಲೂ ಮಾಡಿದವರ ಹೆಸರು, ತಾರೀಕು. ಹಳೆಯವುಗಳ ಮೇಲೆ ಪಾಚಿ ಕಟ್ಟಿ ಗಿಡ ಹುಟ್ಟಿತ್ತು. ಹುಡುಗಿಯರಿಬ್ಬರು ಅದರ ಮೇಲೆ ಕೂತು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಮೊಂಡಿಯೂ ಒಂದರ ಮೇಲೆ ಕೂತಳು. ತಾನು ಓದುವುದು ಇಲ್ಲೇ ಎಂದು ಅಲ್ಲಿಯೇ ಗೊತ್ತಾಗಿಹೋಯಿತು.

ಮನೆಗೆ ಬಂದು ಹೇಳಿದಾಗ ಆದ ರಂಪ ಕೇಳಬೇಡಿ. ಗಾಜಿನ ಕಾಲೇಜು ಬಿಟ್ಟು ಕಸದ ಗುಡ್ಡೆ ನೋಡಿ ಮರುಳಾದವಳನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಮಾವ ಅಕ್ಕಪಕ್ಕದ ಮನೆಗೆಲ್ಲ ಕೇಳುವ ಹಾಗೆ ಕೂಗಾಡಿದ. ಗಾಜಿನ ಕಾಲೇಜಿನಲ್ಲಿ ಅವನಿಗೆ ಗೊತ್ತಿರೋರು ಇದ್ದರು, ಬೇರೆ ಹೇಳಬೇಕೆ. ಅಲ್ಲಿ ಯಂತ್ರಕ್ಕೆ ಸುತ್ತಿದ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿಲ್ಲ ಎಂದು ಮೊಂಡಿ ಹೇಳಿದರೆ, ಹೊಸದು ಹೊಸದಾಗೇ ಇಟ್ಟಿದ್ದಾರಲ್ಲ, ಇನ್ನೇನು ಬೇಕು ಎಂದ. ಬೆಳ್ಳಗಿರೋದೆಲ್ಲ ಹಾಲಲ್ಲ ಮಾವ ಎಂದಳು. ಮಾತಿಗೆ ಮಾತು ಬೆಳೆದು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗಾಯಿತು. ಅವಳು ಎತ್ತೋ ಕೋಣವೋ ಎಂಬುದರ ಬಗ್ಗೆ ಮಾತ್ರ ಇಬ್ಬರಿಗೂ ಒಮ್ಮತವಿರಲಿಲ್ಲ.

ಅಮ್ಮ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದಳು. ತಮ್ಮನ ಮುಂದೆ, ಹತ್ತಿರವಿದ್ದರೆ ಒಳ್ಳೆಯದೇ. ಮಗಳ ಮುಂದೆ, ಓದುವವಳು ನೀನು. ಆಮೇಲೆ ಹೊಲಿಗೆ ಯಂತ್ರದ ಮುಂದೆ ಕೂತು, ತಲೆ ಎತ್ತದೆ, ಅಪ್ಪ ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ, ಅದೊಂದನ್ನು ಯೋಚನೆ ಮಾಡು ಎಂದಳು. ಮಾವ ಕೂಗಾಡಿದರೆ ಅವಳಿಗೆ ಹಬ್ಬ. ಕೂಗುವವರ ಜೊತೆ ಕೂಗಬಹುದು. ಅಪ್ಪ ಕೂಗಲಿಲ್ಲ. ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಬೆಳಿಗ್ಗೆ ಹೋಗುವಾಗ ಬರುತ್ತೇನೆ ಎಂದು ಹೇಳುವುದನ್ನು ಬಿಟ್ಟ, ಸಂಜೆ ಬಂದು ಗೋಡೆ ಕಡೆ ತಿರುಗಿ ಕೂತ. ಸುಮ್ಮನಿರುವವರ ಜೊತೆ ಜಗಳ ಆಡುವುದು ಹೇಗೆ ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಲಾಕ್ ಮಾಡುವ ಕೊನೆಯ ದಿನ ನಾಲ್ಕು ಬೀದಿ ಸೇರುವಲ್ಲಿನ ಕಂಪ್ಯೂಟರ್ ಅಂಗಡಿಗೆ ಮೂವರೂ ಹೋದರು, ಮೊಂಡಿ, ಅಪ್ಪ, ಮಾವ. ಸಣ್ಣ ಅಂಗಡಿ, ತಿರುಗುವ ಫ್ಯಾನಿನ ಅಡಿ ಹಾರದಂತೆ ಕಾಗದಗಳ ಮೇಲೆ ಕಲ್ಲು ಇಟ್ಟಿದ್ದರು. ಅಂಗಡಿಯವನ ಪಕ್ಕದ ಕುರ್ಚಿಯಲ್ಲಿ ಮಾವ ತಾನೇ ಕೂತು, ಮೊದಲನೆಯದಾಗಿ ಗಾಜಿನ ಕಾಲೇಜು ಹಾಕಿ ಎಂದ. ಮೊಂಡಿ ಕೈ ಚಾಚಿ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡಳು.

"ಓದೋಳು ನಾನು ಮಾವ. ಹಾಕೋಳೂ ನಾನೇ."

ಹಳೆಯ ಯೂನಿವರ್ಸಿಟಿಯ ಸಂಖ್ಯೆ ಬಡಿದಳು. ಒಮ್ಮೆ ಲಾಕ್ ಮಾಡಿದರೆ ಆಯಿತಮ್ಮ, ಮತ್ತೆ ನನ್ನ ಹತ್ತಿರ ಬರಬೇಡ, ಯೋಚನೆ ಮಾಡಿ ಒತ್ತು ಎಂದ ಅಂಗಡಿಯವನು. ಮಾವ ಕೆಂಡವಾಗಿ, ಭಾವ, ನಿಮ್ಮ ಮಗಳಿಗೆ ನೀವಾದರೂ ಹೇಳಿ ಎಂದು ತಿರುಗಿದ. ಅಪ್ಪ ಎದ್ದು, ಯಾರ ಮುಖವನ್ನೂ ನೋಡದೆ ಅಂಗಡಿಯಿಂದ ಆಚೆ ಹೋದ. ಮೊಂಡಿಯ ಬೆರಳು ಬಟನ್ನಿನ ಮೇಲೇ ಇತ್ತು. ಒತ್ತಬಹುದಾಗಿತ್ತು. ಯಾರೂ ಇದನ್ನು ಮುಟ್ಟಬೇಡಿ ಎಂದು ಅಂಗಡಿಯವನಿಗೆ ಹೇಳಿ ಅಪ್ಪನ ಹಿಂದೆ ಓಡಿದಳು.

ಅಪ್ಪ ಎದುರಿನ ಟೀ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ಟೀ ಹೇಳಿರಲಿಲ್ಲ. ಅವಳು ಪಕ್ಕದಲ್ಲಿ ಕೂರಲಿಲ್ಲ, ಮುಂದೆ ನಿಂತಳು.

"ಅಪ್ಪ, ನೀನು ಬೇಡ ಅಂದ್ರೂ ನಾನು ಒತ್ತುತೀನಿ. ನಿನ್ನ ಬೆನ್ನ ಹಿಂದೆ ಒತ್ತಬಾರದು ಅಂತ ಹೇಳೋಕೆ ಬಂದೆ."

ಅಪ್ಪ ರಸ್ತೆಯ ಕಡೆ ಮುಖ ತಿರುಗಿಸಿದ. ಆಮೇಲೆ ಮಾತು ಬಂತು, ದಿನಗಟ್ಟಲೆ ಕಟ್ಟಿಟ್ಟಿದ್ದ ಮಾತು.

"ನಾನು ಕಟ್ಟಿದ ಯಾವ ಕಟ್ಟಡದಲ್ಲೂ ನನ್ನ ಯಾರೂ ಸರ್ ಅಂದಿರಲಿಲ್ಲ. ಅವತ್ತು ಅಂದ್ರು. ನೀನು ಅಲ್ಲಿ ಓದಿದ್ರೆ ನಾಲ್ಕು ವರ್ಷ ಮುಂದಿನ ಗೇಟಿಂದ ಹೋಗಿ ಬರ್ತಿದ್ದೆ. ಅಷ್ಟೇ ನನ್ನ ಆಸೆ. ಬೇರೆ ಏನೂ ಇಲ್ಲ."

ಇದಕ್ಕೆ ಒಳ್ಳೆಯ ಮಗಳು ಏನು ಹೇಳಬೇಕೋ ಅದು ಮೊಂಡಿಯ ನಾಲಿಗೆಯ ತುದಿಗೆ ಬಂತು. ಆಯ್ತಪ್ಪ, ಅಲ್ಲೇ ಓದುತೀನಿ. ಹೇಳಿದ್ದರೆ ಅಪ್ಪ ಟೀ ಹೇಳುತ್ತಿದ್ದ, ಮಾವ ಸಿಹಿ ಹಂಚುತ್ತಿದ್ದ, ಊರೆಲ್ಲ ಭೇಷ್ ಎನ್ನುತ್ತಿತ್ತು. ಅವಳು ಹಾಗೆನ್ನದೆ, ಇಷ್ಟು ದಿನ ನುಂಗಿಕೊಂಡಿದ್ದದ್ದನ್ನು ಹೇಳಿದಳು.

"ಅವರು ಸರ್ ಅಂದಿದ್ದು ಸೀಟು ತುಂಬಬೇಕು ಅಂತ, ಅಪ್ಪ. ಈ ಸೂರು ನಾನು ಕಟ್ಟಿದ್ದು ಅಂತ ನೀನು ಹೇಳಿದಾಗ ಅವಳು ತಲೆ ಎತ್ತಿ ಕೂಡ ನೋಡಲಿಲ್ಲ. ನಾನು ನೋಡ್ತಾ ಇದ್ದೆ."

"ಗೊತ್ತು," ಎಂದ ಅಪ್ಪ. "ನಾನೂ ನೋಡ್ದೆ. ಆದ್ರೂ ಚೆನ್ನಾಗಿತ್ತು."

ಮೊಂಡಿಗೆ ಅಪ್ಪನ ಮೇಲೆ ಸಿಟ್ಟು, ಆ ಹುಡುಗಿಯ ಮೇಲೆ ಸಿಟ್ಟು, ಕಟ್ಟಿದವನನ್ನು ಹಿಂದಿನ ಗೇಟಿನಿಂದ ಕಳಿಸಿ ಮಗಳ ರ್‍ಯಾಂಕು ನೋಡಿ ಮುಂದಿನ ಗೇಟು ತೆಗೆಯುವವರೆಲ್ಲರ ಮೇಲೂ ಸಿಟ್ಟು. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಆ ಹಳೆಯ ಕಾಲೇಜಿನಲ್ಲಿ ಯಾರೂ ನಮ್ಮನ್ನು ಸರ್ ಎನ್ನಲಿಲ್ಲ, ಮೇಡಂ ಎನ್ನಲಿಲ್ಲ ಎಂದಳು. ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ನಾನು ಒಳಗೆ ಹೋಗಿ ಒಂದು ಮಾತು ಹೇಳಿದೆ, ಅದು ತಪ್ಪು ಎಂದರು, ನನ್ನ ಕೈಯಲ್ಲೇ ಕಾಂಕ್ರೀಟು ಒಡೆಸಿ ತಪ್ಪು ಎಂದು ತೋರಿಸಿದರು ಎಂದಳು.

ಅಪ್ಪ ಮೊದಲ ಸಲ ಮುಖ ಎತ್ತಿ ನೋಡಿದ. "ನೀನು ಏನಂದೆ?"

"ತಪ್ಪಾಯ್ತು ಅಂದೆ."

"ನೀನು?"

"ನಾನೇ."

ಅಪ್ಪ ಅವಳನ್ನು ಅಡಿಯಿಂದ ಮುಡಿಯವರೆಗೆ, ಯಾರದೋ ಮಗಳನ್ನು ನೋಡುವ ಹಾಗೆ ನೋಡಿದ. ಹೊಟ್ಟೆಯಿಂದ ಸಣ್ಣಗೆ ನಗು ಹೊರಟಿತು, ಅದನ್ನು ತಡೆಯಲು ಕೆಮ್ಮಿದ, ಕೆಮ್ಮಿನ ನಡುವೆಯೂ ನಕ್ಕ. ಎದ್ದು ಅಂಗಿ ಕೊಡವಿಕೊಂಡು ರಸ್ತೆ ದಾಟಿದ. ಮೊಂಡಿ ಹಿಂದೆ ನಡೆದಳು.

ಅಂಗಡಿಯಲ್ಲಿ ಮಾವ ಅಷ್ಟರಲ್ಲಿ ಅಂಗಡಿಯವನ ಕಿವಿ ಕಚ್ಚುತ್ತಿದ್ದ. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಲು ಎಷ್ಟು ಹೊತ್ತು ಬೇಕು ಎಂದು ಕೇಳುತ್ತಿದ್ದ. ಅಪ್ಪ ಅವನ ಭುಜದ ಮೇಲೆ ಕೈ ಇಟ್ಟು, ಏಳಪ್ಪ, ಅವಳು ಕೂತ್ಕೊಳ್ಲಿ ಎಂದ. ಮಾವನಿಗೆ ನಂಬಲಾಗಲಿಲ್ಲ. ಭಾವ, ಆ ಬೀಳೋ ಕಟ್ಟಡದಲ್ಲಿ ಏನು ಕಲಿಸ್ತಾರೆ ಇವಳಿಗೆ ಎಂದ.

"ಇವಳ ಬಾಯಲ್ಲಿ ತಪ್ಪಾಯ್ತು ಅನ್ನಿಸಿದಾರಂತೆ," ಎಂದ ಅಪ್ಪ. "ನನ್ನ ಕೈಲಿ ಆಗ್ಲಿಲ್ಲ, ನಿನ್ನ ಕೈಲೂ ಆಗ್ಲಿಲ್ಲ. ಇನ್ನೇನು ಕಲಿಸಬೇಕು?"

ಮಾವ ಎದ್ದು ಬಾಗಿಲ ಹತ್ತಿರ ನಿಂತ. ಮೊಂಡಿ ಕುರ್ಚಿಯಲ್ಲಿ ಕೂತು ಮೊದಲನೆಯ ಸಾಲನ್ನು ಇನ್ನೊಮ್ಮೆ ಓದಿ ನೋಡಿದಳು. ಎರಡನೆಯದು ಯಾವುದು ಎಂದು ಅಂಗಡಿಯವನು ಕೇಳಿದ. ಅಕಸ್ಮಾತ್ ಮೊದಲನೆಯದು ತಪ್ಪಿದರೆ ಕೈಗೊಂದು ಇರಬೇಕಲ್ಲ, ಎಲ್ಲರೂ ಎರಡು ಮೂರು ಹಾಕುತ್ತಾರೆ, ಒಂದೇ ಹಾಕಿ ಕೂರುವುದು ಹುಚ್ಚುತನ ಎಂದ. ಮೊಂಡಿ ಅಪ್ಪನ ಮುಖ ನೋಡಿದಳು. ಇಷ್ಟಾದರೂ ಅಪ್ಪನ ಮನಸ್ಸಿಗೆ ಸಮಾಧಾನವಾಗಲಿ ಎಂದು, ಎರಡನೆಯದು ಗಾಜಿನ ಕಾಲೇಜು ಹಾಕಿ ಎಂದಳು.

"ಬೇಡ," ಎಂದ ಅಪ್ಪ. "ಅದು ಖಾಲಿ ಬಿಡಿ."

ಸಿಗದೇ ಹೋದರೆ ಒಂದು ವರ್ಷ ಹೋಗುತ್ತೆ ಯಜಮಾನ್ರೆ ಎಂದ ಅಂಗಡಿಯವನು. ಮಾವನೂ ಬಾಗಿಲಿನಿಂದ ಅದನ್ನೇ ಹೇಳಿದ. ಮೊಂಡಿಯೂ, ಅಪ್ಪ, ಇರಲಿ ಬಿಡು ಎಂದಳು. ಅಪ್ಪ ಯಾರ ಮಾತನ್ನೂ ಕೇಳುವ ಹಾಗಿರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಅಂಗಡಿಯ ನಡುವೆ ನೆಟ್ಟಗೆ ನಿಂತಿದ್ದ.

"ನನ್ನ ಸೂರು ಯಾರಿಗೂ ಎರಡನೇದಾಗೋದು ಬೇಡ. ಒತ್ತು."

ಮೊಂಡಿ ಒತ್ತಿದಳು.